ಓದು ಅಳೆಯಲು ಹೋದಲ್ಲಿ

ಪುಟ್ಟ ಮಕ್ಕಳ ಮುಂದೆ ಓದುವ ಹಾಳೆ ಹಿಡಿದು ಕೂತವರಿಗೆ ದಿನಕ್ಕೊಂದಾದರೂ ನಗಿಸುವ ಪ್ರಸಂಗ ಆಗಿಯೇ ಆಗುತ್ತದೆ. ಆಗದ ದಿನ ಶಾಲೆಗೆ ರಜೆ ಇತ್ತು ಅಂತ ಅರ್ಥ.

ನಾನು ಹದಿನಾರು ವರ್ಷ ಶಿಕಾರಿಪುರದ ಒಂದು ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿದ್ದವಳು. ಈಗ ಕೆಲವು ವರ್ಷಗಳಿಂದ ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನ ಶಾಲೆಗಳಿಗೆ ಹೋಗಿ, ಒಂದರಿಂದ ಮೂರನೇ ತರಗತಿಯ ಮಕ್ಕಳಿಗೆ ಓದಲು ಎಷ್ಟು ಬರುತ್ತದೆ ಎಂದು ನೋಡುವುದೇ ನನ್ನ ಕೆಲಸ. ಕೈಚೀಲದಲ್ಲಿ ನಾಲ್ಕು ಹಾಳೆ ಇರುತ್ತವೆ. ಒಂದರಲ್ಲಿ ಬಿಡಿ ಅಕ್ಷರ, ಒಂದರಲ್ಲಿ ಪದ, ಒಂದರಲ್ಲಿ ನಾಲ್ಕು ಸಾಲಿನ ಪಾಠ, ಕೊನೆಯದರಲ್ಲಿ ಒಂದು ಸಣ್ಣ ಕಥೆ. ಒಂದೊಂದೇ ಮಗುವನ್ನು ಎದುರಿಗೆ ಕೂರಿಸಿಕೊಂಡು ಓದಿಸಬೇಕು, ಅದು ಎಲ್ಲಿ ನಿಂತಿತೋ ಅಲ್ಲಿಗೆ ಗುರುತು ಹಾಕಬೇಕು. ಪಾಸು ಫೇಲಿನ ಮಾತಿಲ್ಲ. ಯಾವ ಮಗುವಿಗೆ ಎಲ್ಲಿಂದ ಹೇಳಿಕೊಡಬೇಕು ಅಂತ ಟೀಚರಿಗೆ ತಿಳಿಯಲಿ ಅಂತ ಅಷ್ಟೆ.

ಬೆಳಿಗ್ಗೆ ಹೊರಡುವಾಗ ಅಳೆಯುವವಳು ನಾನು ಅಂದುಕೊಂಡೇ ಹೊರಡುತ್ತೇನೆ. ಸಂಜೆ ಬಸ್ಸು ಹತ್ತುವ ಹೊತ್ತಿಗೆ ಯಾರು ಯಾರನ್ನು ಅಳೆದರು ಅನ್ನುವ ಅನುಮಾನ ಬಂದಿರುತ್ತದೆ. ಈ ಮಕ್ಕಳಿಂದ ನಾನು ಪಡೆದದ್ದು ಬಹಳ. ಅದರಲ್ಲಿ ಸ್ವಲ್ಪವನ್ನಾದರೂ ಹೇಳಿಕೊಳ್ಳಬೇಕು ಅನಿಸಿ ಬರೆಯುತ್ತಿದ್ದೇನೆ.

ನಮ್ಮ ಮನೆಯ ಹಸು

ಉಳವಿಗೆ ಹೋಗುವ ದಾರಿಯಲ್ಲಿ ಒಂದು ಪುಟ್ಟ ಶಾಲೆ. ಅಲ್ಲಿ ಎರಡನೇ ತರಗತಿಯ ಒಬ್ಬ ಹುಡುಗ ನಾಲ್ಕು ಸಾಲಿನ ಪಾಠವನ್ನು ಒಂದೂ ತಪ್ಪಿಲ್ಲದೆ ಓದಿದ. ‘ನಮ್ಮ ಮನೆಯಲ್ಲಿ ಒಂದು ಹಸು ಇದೆ. ಅದರ ಹೆಸರು ಗೌರಿ. ಗೌರಿ ಹುಲ್ಲು ತಿನ್ನುತ್ತದೆ. ಗೌರಿ ನಮಗೆ ಹಾಲು ಕೊಡುತ್ತದೆ.’ ಇಷ್ಟೇ ಪಾಠ. ಓದಿದ್ದು ಅರ್ಥವಾಗಿದೆಯೋ ಇಲ್ಲವೋ ನೋಡಲು ಕೊನೆಗೆ ಪ್ರಶ್ನೆ ಕೇಳಬೇಕು. ಅವನ ಓದು ಕೇಳಿಯೇ ನನಗೆ ಖುಷಿಯಾಗಿತ್ತು, ಪೆನ್ನಿನ ಮುಚ್ಚಳ ಹಾಕುವುದೊಂದೇ ಬಾಕಿ ಅಂದುಕೊಂಡು ಕೇಳಿದೆ, ಹಸುವಿನ ಹೆಸರೇನು ಅಂತ.

ಗಂಗೆ ಅಂದ.

ಬಾಯಿತಪ್ಪಿ ಹೇಳಿರಬೇಕು ಅಂತ ಮುಂದಿನದು ಕೇಳಿದೆ. ಮನೆಯಲ್ಲಿ ಹಸು ಎಷ್ಟಿವೆ? ಎರಡು, ಒಂದು ಕರು ಅಂದ. ಹಸು ಏನು ತಿನ್ನುತ್ತದೆ? ಹಿಂಡಿ, ಬೂಸಾ, ಬಾಳೆಹಣ್ಣಿನ ಸಿಪ್ಪೆ, ಒಂದು ಸಲ ಅಕ್ಕನ ಲಂಗ ಅಂದ. ಹಾಲು ಕೊಡುತ್ತದೆಯೋ ಅಂದರೆ, ಈಗ ಇಲ್ಲ, ಗಬ್ಬ ಐತೆ, ದೀಪಾವಳಿ ಆದ ಮೇಲೆ ಕೊಡ್ತದೆ ಅಂದ. ನನ್ನ ಹಾಳೆಯ ಪ್ರಕಾರ ನಾಲ್ಕೂ ತಪ್ಪು.

ಆಗ ಹೊಳೆಯಿತು. ಪಾಠದಲ್ಲಿ ‘ನಮ್ಮ ಮನೆ’ ಅಂತ ಇದೆ. ಅವನು ಅವರ ಮನೆಯ ಬಗ್ಗೆಯೇ ಹೇಳುತ್ತಿದ್ದಾನೆ. ಓದಿದ್ದನ್ನು ಇಷ್ಟು ನಂಬಿದ ಹುಡುಗನಿಗೆ ಸೊನ್ನೆ ಹಾಕಲು ನನ್ನ ಕೈ ಬರಲಿಲ್ಲ. ಇದು ನಿಮ್ಮ ಮನೆ ಅಲ್ಲ ಮರಿ, ಪಾಠದಲ್ಲಿ ಬರೋ ಮನೆ ಅಂದೆ. ಅವನು ಹಾಳೆಯನ್ನು ಇನ್ನೊಮ್ಮೆ ನೋಡಿ, ಹಂಗಾದ್ರೆ ಇದು ಯಾರ ಮನೆ ಅಂತ ಕೇಳಿದ. ನನಗೂ ಗೊತ್ತಿಲ್ಲ ಅಂದೆ. ಯಾರ ಮನೆ ಅಂತ ಗೊತ್ತಿಲ್ಲದೆ ‘ನಮ್ಮ ಮನೆ’ ಅಂತ ಬರೆದವರ ಬಗ್ಗೆ ಅವನಿಗೆ ಒಳ್ಳೆಯ ಅಭಿಪ್ರಾಯ ಬರಲಿಲ್ಲ ಅಂತ ಮುಖದಲ್ಲೇ ಕಂಡಿತು. ಆ ವಿಷಯವನ್ನು ನಾನು ನಮ್ಮ ಸಭೆಯಲ್ಲಿ ಹೇಳಿದೆ. ಮುಂದಿನ ಸಲ ಹಾಳೆ ಅಚ್ಚಾಗಿ ಬಂದಾಗ ಅದು ‘ರಾಜುವಿನ ಮನೆ’ ಆಗಿತ್ತು. ಎರಡು ತಾಲ್ಲೂಕಿನ ಮಕ್ಕಳಿಗೆ ಆ ಹುಡುಗ ಮಾಡಿದ ಉಪಕಾರ ಅದು.

ಅವತ್ತು ಮತ್ತೆ ಪ್ರಶ್ನೆ ಕೇಳಿದಾಗ ಗೌರಿ, ಒಂದು, ಹುಲ್ಲು, ಕೊಡ್ತದೆ ಅಂತ ನಾಲ್ಕಕ್ಕೂ ಸರಿಯಾಗಿ ಹೇಳಿದ. ಎದ್ದು ಬಾಗಿಲವರೆಗೆ ಹೋದವನು ವಾಪಸ್ ಬಂದು, ದೊಡ್ಡವರಿಗೆ ಹೇಳುವ ದನಿಯಲ್ಲಿ ಅಂದ: “ಬರೀ ಹುಲ್ಲು ಹಾಕಿದ್ರೆ ಹಾಲು ಕಮ್ಮಿ ಆಗ್ತದೆ ಟೀಚರ್. ಆ ಮನೆಯವರಿಗೆ ಹೇಳಿ.”

ಒಂದು ನಿಮಿಷ

ಅಕ್ಷರದ ಹಾಳೆಗೆ ಒಂದು ನಿಮಿಷದ ಲೆಕ್ಕ. ಮೊಬೈಲಿನಲ್ಲಿ ಸಮಯ ಹಚ್ಚಿ, ಅಷ್ಟರೊಳಗೆ ಮಗು ಎಷ್ಟು ಅಕ್ಷರ ಗುರುತಿಸುತ್ತದೆ ನೋಡಬೇಕು. ನಡುವೆ ನಾವು ಬಾಯಿ ಹಾಕುವಂತಿಲ್ಲ. ಮಗು ತಡವರಿಸಿದರೂ ಸುಮ್ಮನಿರಬೇಕು ಅಂತ ನಿಯಮ.

ಶಿಕಾರಿಪುರದಲ್ಲಿ ಮಂಡಿಯ ಹತ್ತಿರದ ಒಂದು ಶಾಲೆ. ಒಂದನೇ ತರಗತಿಯ ಹುಡುಗ, ಅವನಪ್ಪ ಮಂಡಿಯಲ್ಲಿ ಹಮಾಲಿ. ಹಾಳೆಯನ್ನು ಅವನ ಮುಂದಿಟ್ಟು, ಪಕ್ಕದಲ್ಲಿ ಮೊಬೈಲ್ ಇಟ್ಟು, ಶುರು ಅಂದ ಮೇಲೆ ಒಂದು ನಿಮಿಷ ನಿಲ್ಲಿಸದೆ ಓದಬೇಕು ಅಂತ ವಿವರಿಸಿದೆ. ತಲೆಯಾಡಿಸಿದ. ಶುರು ಅಂದೆ.

ಅವನು ಒಂದು, ಎರಡು, ಮೂರು, ನಾಲ್ಕು ಅಂತ ಪ್ರಾರಂಭಿಸಿದ. ಅಕ್ಷರಗಳನ್ನು ಎಣಿಸಿಕೊಂಡು ಆಮೇಲೆ ಓದುತ್ತಾನೇನೋ ಅಂತ ಕಾದೆ. ಹದಿನೇಳು, ಹದಿನೆಂಟು ಅಂತ ಹೋಗುತ್ತಲೇ ಇದ್ದ. ನೋಡಿದರೆ ಕಣ್ಣು ಹಾಳೆಯ ಮೇಲಿಲ್ಲ, ಮೊಬೈಲಿನ ಮೇಲಿದೆ. ಓಡುವ ಅಂಕಿಗಳನ್ನು ಒಂದೂ ಬಿಡದೆ ಓದುತ್ತಿದ್ದಾನೆ. ನಾನು ನಿಯಮಕ್ಕೆ ಕಟ್ಟುಬಿದ್ದು ಬಾಯಿ ಮುಚ್ಚಿಕೊಂಡು ಕೂತೆ. ಇವನಿಗೆ ಇಪ್ಪತ್ತರ ಮೇಲೆ ಎಣಿಸಲು ಬರುವುದಿಲ್ಲ ಅಂತ ಬೆಳಿಗ್ಗೆಯಷ್ಟೇ ಹೇಳಿದ್ದ ಅವರ ಮೇಷ್ಟ್ರು ಬಾಗಿಲಲ್ಲಿ ನಿಂತು ಬೆರಗಾಗಿ ಕೇಳುತ್ತಿದ್ದರು. ಆಮೇಲೆ ಗೊತ್ತಾಯಿತು, ಅಪ್ಪನ ಜೊತೆ ಮಂಡಿಗೆ ಹೋದಾಗ ಲಾರಿಗೆ ಏರಿಸುವ ಚೀಲಗಳನ್ನು ಎಣಿಸುವುದು ಇವನಿಗೆ ಆಟವಂತೆ. ಹಾಳೆ ತಪ್ಪಾದರೂ ಹುಡುಗನಿಗೆ ಏನು ಬರುತ್ತದೆ ಅನ್ನುವುದು ತಿಳಿಯಿತಲ್ಲ ಅಂತ ಮೇಷ್ಟ್ರೂ ನಾನೂ ಸಮಾಧಾನಪಟ್ಟೆವು.

ಐವತ್ತೊಂಬತ್ತು ಆಗಿ ನಿಮಿಷ ತುಂಬಿದ ಕೂಡಲೇ ಅವನು ನಿಲ್ಲಿಸಿ, ಉಸಿರೆಳೆದುಕೊಂಡು, ವಿಧೇಯನಾಗಿ ಕೇಳಿದ. “ಇನ್ನೊಂದು ನಿಮಿಷ ಬಂತು ಟೀಚರ್. ಇದನ್ನೂ ಓದ್ಲಾ?”

ಅವತ್ತಿನಿಂದ ಮೊಬೈಲನ್ನು ಬೋರಲು ಇಡುತ್ತೇನೆ.

ಕಿಟಕಿಯ ಕೆಳಗೆ

ಒಂದು ಹಳ್ಳಿ ಶಾಲೆಯಲ್ಲಿ ಹನ್ನೆರಡನೆಯವಳಾಗಿ ಬಂದ ಹುಡುಗಿ ಎರಡನೇ ತರಗತಿಯವಳು, ಎರಡು ಜಡೆ, ಎಣ್ಣೆ ಹಚ್ಚಿ ಬಿಗಿಯಾಗಿ ಕಟ್ಟಿದ್ದರು. ಅವಳ ಟೀಚರ್ ಮೊದಲೇ ನನ್ನ ಕಿವಿಯಲ್ಲಿ ಹೇಳಿದ್ದರು, ಇವಳಿಗೆ ಅಕ್ಷರದಲ್ಲೇ ಕಷ್ಟ ಇದೆ ಮೇಡಂ, ಸ್ವಲ್ಪ ನೋಡಿಕೊಂಡು ಕೇಳಿ ಅಂತ.

ನಾನು ನಾಲ್ಕು ಸಾಲಿನ ಹಾಳೆ ಇಟ್ಟೆ. ಆಗದಿದ್ದರೆ ಪದಕ್ಕೆ ಇಳಿಯೋಣ, ಅದೂ ಆಗದಿದ್ದರೆ ಅಕ್ಷರಕ್ಕೆ ಅಂತ ಯೋಚನೆ. ಹುಡುಗಿ ಕೈಕಟ್ಟಿ ನಿಂತು, ಗೋಡೆ ನೋಡುತ್ತಾ, ಗಟ್ಟಿಯಾಗಿ ಶುರು ಮಾಡಿದಳು.

“ಮಳೆ ಬಂತು. ಕೆರೆ ತುಂಬಿತು. ಹೂಂ, ಮುಂದೆ. ಕಪ್ಪೆ ಕೂಗಿತು. ಹೆದರಬೇಡ ಪುಟ್ಟಾ, ನಿಧಾನಕ್ಕೆ ಓದು. ಮಕ್ಕಳು ಕಾಗದದ, ಬೆರಳಿಡು, ಬೆರಳಿಡು, ದೋಣಿ ಬಿಟ್ಟರು. ಶಾಭಾಷ್. ಹೋಗು, ಮುಂದಿನವರನ್ನ ಕಳಿಸು.”

ಇಷ್ಟು ಹೇಳಿ, ಹೇಳಿದ ಹಾಗೆಯೇ ನಡೆದುಕೊಂಡು, ಹೊರಗೆ ಹೋಗಿ ಮುಂದಿನವನನ್ನು ಕಳಿಸಿಯೂ ಬಿಟ್ಟಳು.

ನಾನು ನಗು ತಡೆದುಕೊಂಡು ಅವಳನ್ನು ವಾಪಸ್ ಕರೆದೆ. ವಿಚಾರಿಸಿದರೆ, ಬೆಳಿಗ್ಗೆಯಿಂದ ಕಿಟಕಿಯ ಕೆಳಗೆ ಕೂತು ಹನ್ನೊಂದು ಮಕ್ಕಳು ಓದಿದ್ದನ್ನೂ ನಾನು ಅವರಿಗೆ ಹೇಳಿದ್ದನ್ನೂ ಕೇಳಿಸಿಕೊಂಡಿದ್ದಾಳೆ. ಅವಳಿಗೆ ಎಲ್ಲವೂ ಪಾಠವೇ. ಯಾಕೆ ಹಾಗೆ ಮಾಡಿದೆ ಅಂದದ್ದಕ್ಕೆ ತಲೆ ತಗ್ಗಿಸಿ, ನನಗೆ ಬರಲಿಲ್ಲ ಅಂದ್ರೆ ನಮ್ಮ ಟೀಚರಿಗೆ ಬೇಜಾರಾಗ್ತದೆ ಅಂದಳು. ಪಕ್ಕದಲ್ಲೇ ನಿಂತಿದ್ದ ಆ ಟೀಚರ್ ಸೆರಗಿನಿಂದ ಕನ್ನಡಕ ಒರೆಸಿಕೊಂಡರು. ಒರೆಸಬೇಕಾದ್ದು ಕನ್ನಡಕ ಅಲ್ಲ ಅಂತ ನನಗೂ ತಿಳಿಯಿತು.

ಇಷ್ಟು ಚೆನ್ನಾಗಿ ಕೇಳಿಸಿಕೊಳ್ಳುವ ಮಗುವಿಗೆ ಅಕ್ಷರ ಯಾಕೆ ಬರಬಾರದು ಅಂತ ನಾವಿಬ್ಬರೂ ಕೂತು ಮಾತಾಡಿದೆವು. ದಿನಾ ಒಂದು ಸಣ್ಣ ಪಾಠವನ್ನು ಅವಳಿಗೆ ಜೋರಾಗಿ ಓದಿ ಹೇಳುವುದು, ಅದು ಬಾಯಿಗೆ ಬಂದ ಮೇಲೆ ಅದೇ ಪಾಠದ ಪ್ರತಿ ಪದದ ಕೆಳಗೆ ಬೆರಳಿಡಿಸುವುದು ಅಂತ ಮಾಡಿಕೊಂಡೆವು. ಆ ಟೀಚರ್ ಒಂದು ದಿನವೂ ತಪ್ಪಿಸಲಿಲ್ಲ. ಬೇಸಿಗೆ ಶುರುವಾಗುವ ಹೊತ್ತಿಗೆ ನಾನು ಮತ್ತೆ ಹೋದಾಗ ಹೊಸ ಹಾಳೆ ಕೊಟ್ಟೆ. ಕಿಟಕಿ ಮುಚ್ಚಿಸಿ, ಎಲ್ಲರಿಗಿಂತ ಮೊದಲು ಅವಳನ್ನೇ ಕರೆದೆ. ಬೆರಳಿಟ್ಟು, ಒಂದೊಂದೇ ಪದ ಬಿಡಿಸಿ, ನಾಲ್ಕು ಸಾಲೂ ಓದಿದಳು. ನಾನು ಹಾಳೆಯ ಮೇಲಿದ್ದ ಅವಳ ಬೆರಳನ್ನೇ ನೋಡುತ್ತಾ ಕೂತೆ.

ಅವಳು ಸ್ವಲ್ಪ ಹೊತ್ತು ಕಾದಳು. ಆಮೇಲೆ ಮೆಲ್ಲಗೆ, ನನಗೆ ಮರೆತುಹೋದದ್ದನ್ನು ನೆನಪಿಸುವಂತೆ ಅಂದಳು: “ಈಗ ನೀವು ಶಾಭಾಷ್ ಅನ್ನಬೇಕು.”

ಒಂದನೇ ತರಗತಿಯ ಅಜ್ಜಿ

ತೊಗರ್ಸಿಯ ಕಡೆಯ ಒಂದು ಶಾಲೆಯಲ್ಲಿ ಒಬ್ಬ ಮೊಮ್ಮಗ ಅಜ್ಜಿ ಇಲ್ಲದೆ ತರಗತಿಯಲ್ಲಿ ಕೂರುತ್ತಿರಲಿಲ್ಲವಂತೆ. ಜೂನ್‌ನಲ್ಲಿ ಶಾಲೆ ಶುರುವಾದಾಗಿನಿಂದ ಅಜ್ಜಿಯೂ ಬಂದು ಜಗುಲಿಯಲ್ಲಿ, ಬಾಗಿಲಿಗೆ ನೇರವಾಗಿ ಕೂರುವುದು. ಎರಡು ತಿಂಗಳಿಗೆ ಹುಡುಗನಿಗೆ ಗೆಳೆಯರು ಸಿಕ್ಕಿ, ನೀನಿನ್ನು ಬರಬೇಡ ಅಂದನಂತೆ. ಅಜ್ಜಿ ಮಾತ್ರ ಬಿಡಲಿಲ್ಲ. ಬುತ್ತಿ ಕೊಡುವ ನೆಪ, ನೀರಿನ ಬಾಟಲಿಯ ನೆಪ, ಏನೂ ಇಲ್ಲದ ದಿನ ಬಿಸಿಯೂಟದ ಅಕ್ಕನಿಗೆ ಸೊಪ್ಪು ಸೋಸಿಕೊಡುವ ನೆಪ.

ನಾನು ಮಕ್ಕಳನ್ನೆಲ್ಲ ಮುಗಿಸಿ ಹಾಳೆ ಎತ್ತಿಡುವಾಗ ಅಜ್ಜಿ ಒಳಗೆ ಬಂದು, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ನಂದೂ ಒಂದಿಷ್ಟು ನೋಡ್ರಿ ಅಂದರು. ಮೊಮ್ಮಗ ನಾಚಿಕೊಂಡು ಬೆಂಚಿನ ಹಿಂದೆ ಅವಿತುಕೊಂಡ.

ಹಾಳೆ ಇಟ್ಟೆ. ಅಜ್ಜಿ ಬಾಗಿ, ಒಂದೊಂದೇ ಅಕ್ಷರಕ್ಕೆ ಬೆರಳು ಒತ್ತಿ ಓದುತ್ತಾ ಹೋದರು. ‘ಷ’ ಹತ್ತಿರ ಬಂದು ನಿಂತರು. ಇದೂ ‘ಶ’, ಅದೂ ‘ಶ’, ಎರಡಕ್ಕೂ ಸಪ್ಪಳ ಒಂದೇ ಆದರೆ ಎರಡು ಯಾಕ್ರಿ ಇಟ್ಟೀರಿ ಅಂತ ಕೇಳಿದರು. ನಾಲಿಗೆಯನ್ನು ಮಡಚಿ ಹೇಳಬೇಕಜ್ಜಿ ಅಂತ ನಾನು ಮಾಡಿ ತೋರಿಸಿದೆ. ನನ್ನ ಬಾಯಲ್ಲೂ ಎರಡೂ ಒಂದೇ ಥರ ಬಂತು. ಒಂದು ತೆಗೆದ್ರೆ ಹುಡುಗ್ರಿಗೆ ಹಗುರಾಗ್ತೈತೆ, ಮೇಲಿನವರಿಗೆ ಬರೀರಿ ಅಂತ ಹೇಳಿ ಅಜ್ಜಿ ಮುಂದಕ್ಕೆ ಹೋದರು.

ಪದದ ಹಾಳೆಯನ್ನೂ ಓದಿ ಮುಗಿಸಿದರು. ನಾಲ್ಕು ಸಾಲಿನದು ಆಗಲಿಲ್ಲ. ಈ ವಯಸ್ಸಿನಲ್ಲಿ ಇಷ್ಟು ಹಟ ಯಾಕಜ್ಜಿ ಅಂತ ಕೇಳಿದೆ. ಗಂಡ ಹೋದ ಮೇಲೆ ಹೊಲದ ಪಹಣಿ ಇವರ ಹೆಸರಿಗೆ ಆಗಿದೆಯಂತೆ. “ಪಾಣಿಯಾಗ ನನ್ನ ಹೆಸರು ಐತೆ ಅಂತಾರೆ. ಎಲ್ಲಾರೂ ಓದಿ ಹೇಳ್ತಾರೆ. ಒಂದು ಸಲ ನಾನೇ ನೋಡ್ಬೇಕ್ರಿ” ಅಂದರು. ಮೊಮ್ಮಗ ಬೆಂಚಿನ ಹಿಂದಿನಿಂದ ಎದ್ದು ಬಂದು ಅಜ್ಜಿಯ ಪಕ್ಕ ನಿಂತ. ಒಂದು ಹಾಳೆಯಲ್ಲಿ ಅಜ್ಜಿಯ ಹೆಸರನ್ನು ದಪ್ಪಗೆ ಬರೆದುಕೊಟ್ಟೆ. ಅದನ್ನು ಬಿಡಿಸಿ ಓದಿ, ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ನಾನು ಎಷ್ಟೋ ಮಕ್ಕಳಿಗೆ ಎಷ್ಟೋ ಬರೆದುಕೊಟ್ಟಿದ್ದೇನೆ, ಯಾವುದೂ ಅಷ್ಟು ಜೋಪಾನವಾಗಿ ಹೋದದ್ದು ಕಾಣೆ.

ಇಷ್ಟು ಓದಿದವರನ್ನು ಲೆಕ್ಕಕ್ಕೆ ಹಿಡಿಯದೆ ಬರಲು ಮನಸ್ಸಾಗಲಿಲ್ಲ. ಮಕ್ಕಳ ಪಟ್ಟಿಯ ಕೊನೆಗೆ ಒಂದು ಸಾಲು ಸೇರಿಸಿ, ವಯಸ್ಸು ಅರವತ್ತೆಂಟು, ಹಂತ ಪದ ಅಂತ ಬರೆದೆ. ಮೂರು ದಿನಕ್ಕೆ, ಪಟ್ಟಿಯನ್ನು ಕಂಪ್ಯೂಟರಿಗೆ ಹಾಕುವ ಹುಡುಗಿಯ ಫೋನ್ ಬಂತು. “ಮೇಡಂ, ಒಂದನೇ ತರಗತಿಯ ಒಂದು ಮಗುವಿಗೆ ಆರು ಎಂಟು ಎರಡೂ ಒಟ್ಟಿಗೆ ಬರೆದಿದೀರಿ. ವಯಸ್ಸು ಆರಾ, ಎಂಟಾ?”

ಎರಡೂ ಹೌದಮ್ಮ ಅಂದೆ.

ಬಾಯಿ ಬಿಡದವಳು

ಸೊರಬದ ಕಡೆಯ ಒಂದು ಶಾಲೆಗೆ ಹೋದಾಗ ಅಲ್ಲಿನ ಟೀಚರ್ ತುಂಬ ಚಿಕ್ಕವರು, ಅತಿಥಿ ಶಿಕ್ಷಕಿ, ಕೆಲಸಕ್ಕೆ ಸೇರಿ ಮೊದಲ ವರ್ಷ. ಬೆಳಿಗ್ಗೆಯಿಂದ ನನಗಿಂತ ಹೆಚ್ಚು ಅವರೇ ಬೆವರುತ್ತಿದ್ದರು. ತೀರಾ ಕೆಳಗಿನ ಹಂತದಲ್ಲಿ ಮಕ್ಕಳಿದ್ದರೆ ಸಭೆಯಲ್ಲಿ ಎದ್ದು ನಿಂತು ಕಾರಣ ಹೇಳಬೇಕಾಗುತ್ತದೆ ಅಂತ ಯಾರೋ ಹೆದರಿಸಿದ್ದರು. ಮುಂದಿನ ವರ್ಷ ಕರೆಯುತ್ತಾರೋ ಇಲ್ಲವೋ ಅನ್ನುವ ಚಿಂತೆ ಬೇರೆ.

ಎರಡನೇ ತರಗತಿಯಲ್ಲಿ ಹತ್ತು ಮಕ್ಕಳು ಚೆನ್ನಾಗಿಯೇ ಓದಿದರು. ಹನ್ನೊಂದನೆಯವಳು ಬಂದು ಕೂತು ಬಾಯಿ ಬಿಡಲಿಲ್ಲ. ಪಾಠ ಇಟ್ಟೆ, ಇಲ್ಲ. ಪದ ಇಟ್ಟೆ, ಇಲ್ಲ. ‘ಅ’ ತೋರಿಸಿದೆ, ಕಣ್ಣರಳಿಸಿ ನೋಡಿದಳು, ತುಟಿ ಮಾತ್ರ ಅಂಟಿಸಿದ ಲಕೋಟೆಯ ಹಾಗೆ. ಹೆಸರು ಕೇಳಿದೆ, ಅದಕ್ಕೂ ಇಲ್ಲ. ಹೊರಗೆ ಕರೆದುಕೊಂಡು ಹೋಗಿ ನೀರು ಕುಡಿಸೋಣ ಅಂದರೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಮೂರು ಸಲ ಪ್ರಯತ್ನಿಸಿ ಆಗದಿದ್ದರೆ ಆಗಿಲ್ಲ ಅಂತಲೇ ಬರೆಯಬೇಕು. ನಮ್ಮ ಪಟ್ಟಿಯಲ್ಲಿ ಮಕ್ಕಳ ಹೆಸರಿರುವುದಿಲ್ಲ, ಸಂಖ್ಯೆ ಮಾತ್ರ. ಹನ್ನೊಂದರ ಮುಂದೆ ‘ಅಕ್ಷರ ಗುರುತಿಸುವುದಿಲ್ಲ’ ಅಂತ ಬರೆದೆ.

“ಓದ್ತಾಳೆ ಮೇಡಂ. ಇವಳೇ ಎಲ್ಲರಿಗಿಂತ ಚೆನ್ನಾಗಿ ಓದೋದು” ಅಂದರು ಆ ಟೀಚರ್. ಎಲ್ಲ ಟೀಚರೂ ಒಂದಲ್ಲ ಒಂದು ಮಗುವಿನ ಬಗ್ಗೆ ನನಗೆ ಹೇಳುವ ಮಾತೇ ಅದು. ಎಲ್ಲರಿಗೂ ಹೇಳುವ ಉತ್ತರವನ್ನೇ ಅವರಿಗೂ ಹೇಳಿದೆ, ನಾನು ಕೇಳಿಸಿಕೊಂಡದ್ದನ್ನಷ್ಟೇ ಬರೆಯಲು ಆಗುವುದು ಅಂತ. ಅವರು ಆ ಕಡೆ ತಿರುಗಿ, ಒರೆಸಿಟ್ಟಿದ್ದ ಬೋರ್ಡನ್ನೇ ಮತ್ತೆ ಒರೆಸತೊಡಗಿದರು. ಅದನ್ನು ನೋಡಿ ನನಗೆ ಸಂಕಟವಾಯಿತು, ಆದರೆ ಬರೆದದ್ದು ಬರೆದಾಗಿತ್ತು.

ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಕಾದು ಸೊರಬಕ್ಕೆ ಹೋಗುವ ಬಸ್ಸು ಹಿಡಿದೆ. ಅದೃಷ್ಟಕ್ಕೆ ಕಿಟಕಿ ಸೀಟು ಸಿಕ್ಕಿತು. ಮುಂದಿನ ಸ್ಟಾಪಿನಲ್ಲಿ ಬಸ್ಸು ತುಂಬಿ, ಒಬ್ಬ ಹೆಂಗಸು ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಮಗಳನ್ನು ಹಿಡಿದುಕೊಂಡು ನನ್ನ ಸೀಟಿನ ಪಕ್ಕದಲ್ಲೇ ನಿಂತಳು. ಮಗಳು ಅದೇ ಹನ್ನೊಂದನೆಯವಳು. ಕೂಸನ್ನು ಕೊಡಿ ಅಂತ ತೊಡೆಯ ಮೇಲೆ ಕೂರಿಸಿಕೊಂಡೆ.

ಕೂತವಳು ತಲೆ ಎತ್ತಿ, ಸರಾಗವಾಗಿ ಶುರು ಮಾಡಿದಳು. ‘ಮಹಿಳೆಯರಿಗೆ.’ ‘ಧೂಮಪಾನ ನಿಷೇಧಿಸಲಾಗಿದೆ.’ ‘ತುರ್ತು ನಿರ್ಗಮನ.’ ‘ಚಾಲಕರೊಂದಿಗೆ ಮಾತನಾಡಬೇಡಿ.’ ಬಸ್ಸಿನಲ್ಲಿ ಬರೆದದ್ದು ಮುಗಿದು, ಕಿಟಕಿಯಾಚೆ ಹೋಗುವ ಅಂಗಡಿಗಳ ಬೋರ್ಡಿಗೆ ಕೈ ಹಾಕಿದಳು. ನಾನು ಬಾಯಿ ತೆರೆದುಕೊಂಡು ಕೂತೆ.

ಅವಳಮ್ಮನನ್ನು ಕೇಳಿದೆ, ಬೆಳಿಗ್ಗೆ ಶಾಲೆಯಲ್ಲಿ ಒಂದು ಅಕ್ಷರವನ್ನೂ ಹೇಳಲಿಲ್ಲವಲ್ಲ ಇವಳು ಅಂತ. ಅಮ್ಮ ನಕ್ಕು ಸಂಗತಿ ಹೇಳಿದಳು. ನಾಲ್ಕು ದಿನದಿಂದ ಮುಂದಿನ ಹಲ್ಲು ಅಲ್ಲಾಡುತ್ತಿತ್ತಂತೆ. ಇವತ್ತು ಬೆಳಿಗ್ಗೆ ಅದು ಒಂದು ಎಳೆಯಲ್ಲಿ ನಿಂತಿತ್ತಂತೆ. ಬಾಯಿ ತೆಗೆದರೆ ಶಾಲೆಯಲ್ಲೇ ಬಿದ್ದು ಕಳೆದುಹೋಗುತ್ತದೆ, ಹಲ್ಲನ್ನು ಹಂಚಿನ ಮೇಲೆ ಎಸೆಯದಿದ್ದರೆ ಹೊಸದು ಹುಟ್ಟುವುದಿಲ್ಲ ಅನ್ನುವ ಭಯದಿಂದ ಬೆಳಿಗ್ಗೆಯಿಂದ ಯಾರ ಜೊತೆಗೂ ಮಾತಿಲ್ಲ, ಊಟವೂ ಇಲ್ಲ. ಮನೆಗೆ ಬಂದ ಮೇಲೆ ತಾನಾಗಿ ಉದುರಿತಂತೆ. ಅಜ್ಜಿ ಮನೆಯ ಹಂಚು ಎತ್ತರ ಇದೆ, ಅಲ್ಲೇ ಹಾಕಬೇಕು ಅಂತ ಹಟ ಮಾಡಿ ಹೊರಡಿಸಿದ್ದಾಳೆ. ಹುಡುಗಿ ಮುಷ್ಟಿ ಬಿಚ್ಚಿ, ಕಾಗದದಲ್ಲಿ ಸುತ್ತಿದ ಹಲ್ಲನ್ನು ನನಗೆ ತೋರಿಸಿದಳು.

ಅಷ್ಟರಲ್ಲಿ ಅವಳ ಕಣ್ಣು ನನ್ನ ಕೈಚೀಲದಿಂದ ಹೊರಗೆ ಇಣುಕುತ್ತಿದ್ದ ಪಟ್ಟಿಯ ಮೇಲೆ ಬಿತ್ತು. ಬೆರಳಿಟ್ಟು, ಇಡೀ ಬಸ್ಸಿಗೆ ಕೇಳುವಂತೆ ಓದಿದಳು.

“ಹನ್ನೊಂದು. ಅಕ್ಷರ ಗುರುತಿಸುವುದಿಲ್ಲ.”

ಹಲ್ಲಿಲ್ಲದ ಕಡೆಯಿಂದ ‘ಸ’ ಸ್ವಲ್ಪ ಗಾಳಿಯಾಗಿ ಹೋಯಿತು, ಅಷ್ಟೇ. ಒತ್ತು, ಕೊಂಬು, ಒಂದೂ ತಪ್ಪಿರಲಿಲ್ಲ. ಓದಿ, ಪಾಪ ಅನ್ನುವ ಮುಖ ಮಾಡಿ, ಯಾರಿಗೆ ಟೀಚರ್ ಅಂತ ಕೇಳಿದಳು.

ನಾನು ಪೆನ್ನು ತೆಗೆದು ಆ ಸಾಲನ್ನು ಹೊಡೆದುಹಾಕಿದೆ. ಅಲ್ಲೇ ಆ ಚಿಕ್ಕ ಟೀಚರಿಗೆ ಫೋನ್ ಮಾಡಿ, ನಾಳೆ ಮೊದಲ ಬಸ್ಸಿಗೇ ಬರುತ್ತೇನೆ, ಹನ್ನೊಂದನೆಯವಳನ್ನು ಇನ್ನೊಮ್ಮೆ ಓದಿಸಬೇಕು, ತಪ್ಪು ನನ್ನದು ಅಂದೆ. ಹಾಗಾದರೆ ತಿಂಡಿ ನಮ್ಮ ಮನೆಯಲ್ಲೇ ಮಾಡಿ ಮೇಡಂ ಅಂದರು. ದನಿ ಒದ್ದೆಯಾಗಿತ್ತು. ಫೋನ್ ಇಟ್ಟ ಮೇಲೆ ಎದೆ ಹಗುರಾಯಿತು. ಆ ಹಲ್ಲು ಇನ್ನೊಂದು ದಿನ ತಡೆದು ಉದುರಿದ್ದರೆ ನಾನು ಮಾಡಿದ ತಪ್ಪು ನನಗೆ ತಿಳಿಯುತ್ತಲೇ ಇರಲಿಲ್ಲ.

ಹುಡುಗಿ ಬಿಡಲಿಲ್ಲ. ಅಕ್ಷರ ಬರದೆ ಇರೋದು ಯಾರಿಗೆ ಅಂತ ಮತ್ತೆ ಕೇಳಿದಳು. ಇನ್ನೇನು ಹೇಳಲಿ, ನನಗೇ ಪುಟ್ಟಿ ಅಂದೆ.

ಅವಳು ನನ್ನ ಕನ್ನಡಕವನ್ನೂ ನರೆತ ಕೂದಲನ್ನೂ ಒಂದು ಸಲ ನೋಡಿದಳು. ಆಮೇಲೆ ಹಲ್ಲು ಹಿಡಿದಿರದ ಕೈಯಿಂದ ನನ್ನ ಕೈ ತಟ್ಟಿ ಸಮಾಧಾನ ಹೇಳಿದಳು.

“ಹೆದ್ರಬೇಡಿ. ನಮ್ಮ ಶಾಲೆಗೆ ದಿನಾ ಬನ್ನಿ, ಬರ್ತದೆ. ನಮ್ಮ ಟೀಚರ್ ಹೊಡೆಯಲ್ಲ.”